ಮೂಗು ಹಿಡಿಸಿ ಹೊಡೆಸಿದ ಮೇಷ್ಟ್ರು

ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬೆಳಗಿನ ಚಹಾದ ಹೊತ್ತಿಗೆ ಬಂತು. ಮಧ್ಯಾಹ್ನದೊಳಗೆ ಅಲ್ಲಿ ಏಟುಗಳ ಹರಾಜು ಶುರುವಾಗಿತ್ತು. ಹೊಸಪೇಟೆಯಲ್ಲಿ ಎಂಜಿನಿಯರ್ ಆಗಿರುವವನು ತನ್ನ ಮೀನಖಂಡದ ಮೇಲೆ ಎದ್ದಿದ್ದ ಬಾಸುಂಡೆಗಳನ್ನು ನೆನೆದ. ದಾವಣಗೆರೆಯ ಬಟ್ಟೆ ವ್ಯಾಪಾರಿ, ಬೆರಳ ಗಿಣ್ಣಿನ ಮೇಲೆ ತಾನು ತಿಂದದ್ದರ ಮುಂದೆ ಅದೇನೂ ಅಲ್ಲ ಎಂದು ವಾದಕ್ಕೆ ನಿಂತ. ಅವರು ಹೊಡೆದದ್ದಕ್ಕೇ ನಾವು ಮನುಷ್ಯರಾದೆವು ಎಂದು ಒಬ್ಬ ಬರೆದ, ಉಳಿದವರೆಲ್ಲ ಅದನ್ನೇ ತಿರುತಿರುಗಿ ಹಾಕಿದರು. ಮೇಷ್ಟ್ರ ಬಲಗೈ ಮುರಿದ ಪುಣ್ಯಾತ್ಮನೂ ಆ ಗುಂಪಿನಲ್ಲಿದ್ದಾನೆ. ಅವನೂ ಕೈ ಮುಗಿದ ಚಿತ್ರ ಹಾಕಿದ್ದ. ಅದನ್ನು ನೋಡಿ ನಾನು ಫೋನನ್ನು ಮಂಚದ ಮೇಲೆ ಎಸೆದು ಅಡಿಗೆಮನೆಗೆ ಹೋದೆ.

ನನ್ನ ಎಡಹುಬ್ಬಿನ ಮೇಲೆ ಒಂದು ಗೀರು ಇದೆ. ಒಂಬತ್ತನೇ ಕ್ಲಾಸಿನಲ್ಲಿ ಅವರು ಎಸೆದ ಡಸ್ಟರಿನ ಮರದ ಮೂಲೆ ಬಡಿದ ಗುರುತು. ರಕ್ತ ಕಣ್ಣಿಗೆ ಇಳಿದಾಗ ತಮ್ಮ ಕರವಸ್ತ್ರವನ್ನೇ ಕಟ್ಟಿ, 'ಒತ್ತಿ ಹಿಡ್ಕ' ಎಂದು ಹೇಳಿ, ಅರ್ಧಕ್ಕೆ ನಿಂತಿದ್ದ ಪ್ರಮೇಯವನ್ನು ಪೂರ್ತಿ ಮಾಡಿದರು. ಅದಕ್ಕೆ ನಾನು ಅವರಿಗೆ ಕೃತಜ್ಞಳಲ್ಲ. ಅವರು ನನ್ನನ್ನು ಮನುಷ್ಯಳನ್ನಾಗಿ ಮಾಡಲಿಲ್ಲ, ನಾನು ಅವರ ಕ್ಲಾಸಿಗೆ ಮನುಷ್ಯಳಾಗಿಯೇ ಹೋಗಿದ್ದೆ. ಆದರೂ ಅವರು ಹೋದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಈ ಎರಡೂ ನಿಜ, ಎರಡನ್ನೂ ಬರೆಯಬೇಕು.

ನಮ್ಮದು ಕೊಟ್ಟೂರು ಮತ್ತು ಹಡಗಲಿಯ ನಡುವಿನ ಒಂದು ಊರು. ಹೈಸ್ಕೂಲು ಬ್ರಿಟಿಷರ ಕಾಲದ್ದು. ಈ ಸೀಮೆಯೆಲ್ಲ ಮದ್ರಾಸಿನ ಆಡಳಿತದಲ್ಲಿದ್ದಾಗ ಕಟ್ಟಿದ್ದು. ಊರಿನ ಹಿರಿಯರು ಈಗಲೂ ಅದನ್ನು ಬೋರ್ಡ್ ಹೈಸ್ಕೂಲು ಎಂದೇ ಕರೆಯುತ್ತಾರೆ. ಆಗ ಹರಪನಹಳ್ಳಿ ಕಡೆಯಿಂದ, ಹಂಪಸಾಗರದ ಹೊಳೆಸಾಲಿನಿಂದ ಹುಡುಗರು ಬುತ್ತಿ ಕಟ್ಟಿಕೊಂಡು ಬಂದು ಇಲ್ಲೇ ಕೋಣೆ ಮಾಡಿಕೊಂಡು ಓದುತ್ತಿದ್ದರಂತೆ. ಮೊಳ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ಬಾಗಿಲು, ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ತಣ್ಣಗೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಯಾವನೋ ದೊರೆಯ ಹೆಸರಿದೆ. ವರ್ಷಾವರ್ಷ ಸುಣ್ಣ ಬಳಿದು ಬಳಿದು ಅವನ ಅರ್ಧ ಹೆಸರು ಮುಚ್ಚಿಹೋಗಿದೆ. ನಡುವೆ ಒಂದು ದೊಡ್ಡ ಹಾಲ್, ಅದರ ತೊಲೆಗಳಿಗೆ ಸಾಲಾಗಿ ಕಬ್ಬಿಣದ ಕೊಂಡಿಗಳು. ದೊರೆಗಳ ಕಾಲದಲ್ಲಿ ಹಗ್ಗ ಜಗ್ಗಿ ಗಾಳಿ ಬೀಸುವ ಬಟ್ಟೆಯ ಪಂಖಾ ತೂಗುಹಾಕಲು ಹೊಡೆದ ಕೊಂಡಿಗಳವು. ಆದರೆ ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೇಷ್ಟ್ರು ಅವನ್ನು ತೋರಿಸಿ, 'ಲೆಕ್ಕ ಬರದವ್ರನ್ನ ತೂಗಹಾಕಾಕ ಬ್ರಿಟಿಷರು ಮಾಡಿಸ್ಯಾರ' ಎನ್ನುತ್ತಿದ್ದರು. ಮಕ್ಕಳು ನಂಬುತ್ತಿದ್ದರು. ನಾನೂ ನಂಬಿದ್ದೆ.

ಅವರೂ ಇದೇ ಶಾಲೆಯಲ್ಲಿ ಏಟು ತಿಂದು ಓದಿದವರು. ವ್ಯಾಪಾರಸ್ಥರ ಮನೆತನ, ಹಣೆಗೆ ತಪ್ಪದೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮನೆಯಲ್ಲಿ ಕಾಳಿನ ಅಂಗಡಿ ಇದ್ದರೂ ಅದರ ಗಲ್ಲಾದ ಮುಂದೆ ಕೂತವರಲ್ಲ. ಬೆಳಿಗ್ಗೆ ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ನಿಂತು, ಕತ್ತೆತ್ತಿ, ಬರಲುಗಳನ್ನು, ಅಂದರೆ ಛಡಿಗೆ ತಕ್ಕ ಸಣ್ಣ ಕೊಂಬೆಗಳನ್ನು, ಪರೀಕ್ಷೆ ಮಾಡುವುದು ಅವರ ದಿನದ ಮೊದಲ ಕೆಲಸ. ತೀರ ಎಳೆಯದು ಮುರಿಯುತ್ತದೆ, ತೀರ ಬಲಿತದ್ದು ಬಾಗುವುದಿಲ್ಲ. ಕಿತ್ತು, ಎಲೆ ಸವರಿ, ಗಾಳಿಯಲ್ಲಿ ಒಮ್ಮೆ ಬೀಸಿ ಅದರ ಶಬ್ದ ಕೇಳುವರು. ಆ ಶಬ್ದಕ್ಕೆ ಪ್ರಾರ್ಥನೆಗೆ ನಿಂತ ಸಾಲುಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು.

ಹೊಡೆಯುವಾಗ ಅವರ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹುಡುಗರಿಗೆ ಮೀನಖಂಡಕ್ಕೆ, ಹುಡುಗಿಯರಿಗೆ ಅಂಗೈಗೆ. ಕೈ ಹಿಂದೆಳೆದುಕೊಂಡರೆ ಗಿಣ್ಣಿಗೆ. ಒಮ್ಮೆ ತಹಸೀಲ್ದಾರರ ಮಗನನ್ನು ಕುಂಟುವ ಹಾಗೆ ಹೊಡೆದರು. ಅದೇ ಗಂಟೆಯಲ್ಲಿ ತಮ್ಮ ಸ್ವಂತ ತಂಗಿಯ ಮಗನಿಗೆ ಹೊಡೆದದ್ದಕ್ಕೆ ಅವನು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ಸಾಯಂಕಾಲ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಸ್ಟಾಫ್‌ರೂಮಿನಲ್ಲಿ ಹೇಳುತ್ತಿದ್ದರು: 'ನನ್ನ ಛಡಿಗೆ ಅವ ಇವ ಅಂತ ಇಲ್ಲ ನೋಡ್ರಿ. ಈ ಊರಾಗ ಜಾತಿ ನೋಡದ ವಸ್ತು ಅದೊಂದ.' ಹೇಳುವಾಗ ನಿಜವಾದ ಹೆಮ್ಮೆ ಇರುತ್ತಿತ್ತು. ಹೊಡೆತದಲ್ಲಿ ಭೇದ ಮಾಡದಿದ್ದರೆ ತಾವು ನ್ಯಾಯವಂತರು ಎಂದು ಅವರು ಮನಸಾರೆ ನಂಬಿದ್ದರು. ತಹಸೀಲ್ದಾರರ ಮಗ ಮನೆಗೆ ಹೋದರೆ ಅರಿಶಿನ ಹಚ್ಚಿ ಹಾಲು ಕೊಡುತ್ತಾರೆ, ಕೇರಿಯ ಹುಡುಗ ಮರುದಿನದಿಂದ ಶಾಲೆಗೇ ಬರುವುದಿಲ್ಲ ಎಂಬ ಸಂಗತಿ ಅವರ ಗಣಿತದೊಳಗೆ ಬರುತ್ತಿರಲಿಲ್ಲ.

ಪಾಠ ಮಾತ್ರ, ಸುಳ್ಳು ಹೇಳಬಾರದು, ಅಪ್ಪಟ ಬಂಗಾರ. ಬೋರ್ಡಿನ ಮೇಲೆ ವೃತ್ತ ಬರೆಯಲು ಕೈವಾರ ಬೇಕಿರಲಿಲ್ಲ. ಮೊಣಕೈಯನ್ನು ಒಂದು ಕಡೆ ಊರಿ, ಸುಣ್ಣದ ಕಡ್ಡಿ ಹಿಡಿದು ಒಮ್ಮೆ ತಿರುಗಿಸಿದರೆ ಮುಗಿಯಿತು. ಹೀಗೆ ಬರೆದು ಹೊಡೆದು ಬಲಭುಜ ಹಿಡಿದುಕೊಂಡಾಗ ಹರಪನಹಳ್ಳಿಯ ಡಾಕ್ಟರು, 'ಏನ್ ಕೆಲಸ ಮಾಡ್ತೀರಿ, ಹಮಾಲಿನಾ?' ಎಂದು ಕೇಳಿದರಂತೆ. ಇವರು, 'ಗಣಿತ' ಎಂದರಂತೆ. ತಮ್ಮ ಮೇಲಿನ ಈ ನಗೆಯನ್ನು ನಮಗೆ ಹೇಳಿದವರೂ ಅವರೇ.

ನಾನು ಬಿ.ಎಡ್. ಮುಗಿಸಿ, ಕೂಡ್ಲಿಗಿಯಲ್ಲಿ ಕೆಲವು ವರ್ಷ ಸಮಾಜ ವಿಜ್ಞಾನ ಹೇಳಿ, ವರ್ಗವಾಗಿ ಇದೇ ಶಾಲೆಗೆ ಬಂದಾಗ ಅವರ ಸರ್ವಿಸ್ ಮುಗಿಯುತ್ತ ಬಂದಿತ್ತು. ಆ ಹೊತ್ತಿಗೆ ಮಕ್ಕಳಿಗೆ ಹೊಡೆಯಬಾರದೆಂಬ ಕಾನೂನು ಬಂದು ಹಳೆಯದಾಗಿತ್ತು. ನಮ್ಮಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೆ. ಕೊನೆಗೆ ಪಕ್ಕದ ತಾಲ್ಲೂಕಿನಲ್ಲಿ ಯಾರೋ ಮೇಷ್ಟ್ರು ಸಸ್ಪೆಂಡ್ ಆದ ಮೇಲೆ ನಮ್ಮ ಹೆಡ್‌ಮಾಸ್ಟರು ಎಲ್ಲರನ್ನೂ ಕೂಡಿಸಿ ಸುತ್ತೋಲೆ ಓದಿದರು. ಅವರು ಇರುವೆ ಕಂಡರೂ ದಾರಿ ಬಿಡುವ ಮನುಷ್ಯ. ಓದುವಾಗ ಒಮ್ಮೆಯೂ ಗಣಿತದ ಮೇಷ್ಟ್ರ ಮುಖ ನೋಡಲಿಲ್ಲ. ಮೇಷ್ಟ್ರು ಎದ್ದು ಹೋಗಿ ಬರಲನ್ನು ಅಲಮಾರಿನ ಮೇಲೆ ಇಟ್ಟು ಬಂದು ಕೂತರು. ಕೆಲವು ವಾರ ಅವರಿಗೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕಿಸೆಯಲ್ಲಿಡುವರು, ಬೆನ್ನ ಹಿಂದೆ ಕಟ್ಟುವರು. ಅವರ ಕ್ಲಾಸಿನಲ್ಲಿ ಮೊದಲ ಸಲ ಗದ್ದಲ ಕೇಳಿಸಿತು.

ಆಮೇಲೆ ಅವರಿಗೆ ತಮ್ಮ ಬಾಲ್ಯದ ಪದ್ಧತಿ ನೆನಪಾಯಿತು. ಹಳೆಯ ಕಾಲದಲ್ಲಿ ನಮ್ಮ ಕಡೆಯ ಶಾಲೆಗಳಲ್ಲಿ ಅದು ಮಾಮೂಲು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಉತ್ತರ ಬರದವರು ಸಾಲಾಗಿ ನಿಲ್ಲಬೇಕು. ಉತ್ತರ ಹೇಳಿದವರು ಹೋಗಿ, ಎಡಗೈಯಲ್ಲಿ ಅವರ ಮೂಗು ಹಿಡಿದು, ಬಲಗೈಯಲ್ಲಿ ಕಪಾಳಕ್ಕೆ ಒಂದು ಬಿಗಿಯಬೇಕು. ಮೇಷ್ಟ್ರು ಕುರ್ಚಿಯಿಂದ ಏಳಬೇಕಾಗಿಯೇ ಇಲ್ಲ. ಗೆಳೆಯನೆಂದು ಮೆಲ್ಲಗೆ ತಟ್ಟಿದರೆ, 'ಸಪ್ಪಳ ಬರ್ಲಿಲ್ಲ' ಎನ್ನುವರು, ಮತ್ತೆ ಹೊಡೆಯಬೇಕು. ಸಪ್ಪಳ ಬರುವ ತನಕ.

ನಾನು ಸ್ಟಾಫ್‌ರೂಮಿನಲ್ಲೇ ಕೇಳಿದೆ. 'ಸರ್, ಇದು ಸರಿ ಅಲ್ರಿ.'

'ನಾನು ಕೈ ಮುಟ್ಟಿಸೀನೇನು? ಸುತ್ತೋಲಿ ಓದಿ ನೋಡು. ಶಿಕ್ಷಕರು ಹೊಡಿಬಾರ್ದು ಅಂತೈತಿ.'

'ಮಕ್ಕಳ ಕೈಲೆ ಮಕ್ಕಳಿಗೆ ಹೊಡಸೂದು ಇನ್ನೂ ಕೆಟ್ಟದ್ರಿ.'

'ನೀ ನನ್ನ ಕೈಯಾಗ ಏಟು ತಿಂದಾಕಿ. ಟೀಚರ್ ಆಗಿ ಇಲ್ಲೇ ಬಂದಿಲ್ಲೇನು?'

'ತಿಂದಿದ್ದಕ್ಕ ಬಂದಿಲ್ರಿ. ತಿಂದರೂ ಬಂದೀನಿ.'

ಅವರು ನನ್ನ ಹುಬ್ಬನ್ನು ನೋಡಿದರು. ಆ ಮೇಲೆ ತಮ್ಮ ಮಂಡಕ್ಕಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. ಅದು ಅವರ ರಾಜಿಯ ರೀತಿ. ನಾನು ತಿನ್ನಲಿಲ್ಲ, ಹೆಡ್‌ಮಾಸ್ಟರ ಕೋಣೆಗೆ ಹೋಗಿ ಹೇಳಿದೆ. 'ಇನ್ನೊಂದ್ ವರ್ಷಕ್ಕ ರಿಟೈರ್ ಆಗ್ತಾರ ಬಿಡ್ರಿ ಮೇಡಂ' ಎಂದರು.

ಹತ್ತನೇ ಕ್ಲಾಸಿನಲ್ಲಿ ಸುಜಾತಾ ಎಂಬ ಹುಡುಗಿ ಇದ್ದಳು. ತಾಯಿ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ತಂದೆ ಇರಲಿಲ್ಲ. ಮೊದಲು ಕೇರಿಯ ಒಳಗಿದ್ದವರು, ಈಗ ಕೇರಿಯ ತುದಿಗೆ ಹೊಸದಾಗಿ ಕಟ್ಟಿಸಿದ ಮನೆಯಲ್ಲಿದ್ದರು, ಬಾಗಿಲ ಮೇಲೆ ಬುದ್ಧನ ಚಿತ್ರ. ಕಡಿಮೆ ಮಾತಿನ ಹುಡುಗಿ, ಲೆಕ್ಕದಲ್ಲಿ ಮಾತ್ರ ಬೆಂಕಿ. ಮೇಷ್ಟ್ರಿಗೆ ಅವಳೆಂದರೆ ಪ್ರಾಣ. ಈ ಹೊಸ ಪದ್ಧತಿಯ ಪರಿಣಾಮ ಏನಾಯಿತೆಂದರೆ, ದಿನಾಲೂ ಉತ್ತರ ಬರುವುದು ಅವಳಿಗೆ, ದಿನಾಲೂ ಹೊಡೆಯಬೇಕಾದವಳೂ ಅವಳು. ಹುಡುಗಿಯರು ಅವಳ ಜೊತೆ ಮಾತು ಬಿಟ್ಟರು. ಗೊತ್ತಿದ್ದ ಉತ್ತರವನ್ನೂ ಗೊತ್ತಿಲ್ಲ ಎನ್ನತೊಡಗಿದಳು. ಮೇಷ್ಟ್ರು ಅದನ್ನು ಕಂಡುಹಿಡಿದು, 'ಬಂದೂ ಬರಂಗಿಲ್ಲ ಅಂತಿ, ಕಳ್ಳಿ' ಎಂದು ನಕ್ಕು, ಬೋರ್ಡಿಗೇ ಕರೆದು ಬಿಡಿಸಲು ಹೇಳುತ್ತಿದ್ದರು.

ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು. ಆವತ್ತು ನಾನು ಪಕ್ಕದ ಕೋಣೆಯಲ್ಲಿ ಒಂಬತ್ತನೆಯವರಿಗೆ ಪಾಠ ಮಾಡುತ್ತಿದ್ದೆ. ಎರಡೂ ಕೋಣೆಗಳ ನಡುವಿನ ಹಳೆಯ ಬಾಗಿಲು ಅರ್ಧ ತೆರೆದಿತ್ತು. ವರ್ಗ ಸಮೀಕರಣದ ಲೆಕ್ಕ. ಹುಡುಗರ ಒಂದು ಸಾಲೇ ಎದ್ದು ನಿಂತಿತ್ತು. ಅದರಲ್ಲಿ ವೀರೇಶ ಇದ್ದ. ಊರಲ್ಲಿ ಮಾತು ನಡೆಯುವ ಮನೆತನದ ಹುಡುಗ, ಹುಂಬನೇನಲ್ಲ, ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಅಲ್ಲಿಯವರೆಗೆ ಅವನ ಅದೃಷ್ಟವೋ ಏನೋ, ಬೇರೆ ಯಾರಾದರೂ ಉತ್ತರ ಹೇಳಿದಾಗಲೇ ಅವನ ಸರದಿ ಬಂದಿತ್ತು.

ಉತ್ತರ ಹೇಳಿದ ಸುಜಾತಾ ಒಬ್ಬೊಬ್ಬರಿಗೇ ಹೊಡೆಯುತ್ತಾ ಸಾಲಿನುದ್ದಕ್ಕೂ ಬಂದಳು. ವೀರೇಶನ ಮೂಗಿನ ತುದಿಯನ್ನು ಬೆರಳಲ್ಲಿ ಮುಟ್ಟಿ, ಕೆನ್ನೆ ಸವರಿದ ಹಾಗೆ ಮಾಡಿ ಮುಂದಕ್ಕೆ ಹೋಗಲು ನೋಡಿದಳು.

'ಸಪ್ಪಳ ಬರ್ಲಿಲ್ಲ' ಎಂದರು ಮೇಷ್ಟ್ರು.

ಅವಳು ಮತ್ತೆ ಹೊಡೆದಳು, ಮೆಲ್ಲಗೆ.

'ಸುಜಾತಾ. ಸಪ್ಪಳ.'

'ಬ್ಯಾಡ್ರಿ ಸರ್' ಎಂದಳು. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಪುಸ್ತಕ ಮುಚ್ಚಿ ಬಾಗಿಲ ಕಡೆ ನಡೆದೆ.

'ಯಾಕ ಬ್ಯಾಡ? ಇಲ್ಲಿ ಅವ ಯಾರ ಮಗ, ನೀ ಯಾರ ಮಗಳು ಅಂತಿಲ್ಲ. ಲೆಕ್ಕ ಬಂದಾವ್ರು, ಲೆಕ್ಕ ಬರದಾವ್ರು, ಎರಡ ಜಾತಿ. ಹೊಡಿ!'

ನಾನು ಬಾಗಿಲು ತಲುಪುವುದರೊಳಗೆ ಅವಳು ಹೊಡೆದಿದ್ದಳು. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದ ಏಟು. ಹುಡುಗನ ತಲೆ ಗೋಡೆಗೆ ಬಡಿದು, ಮೂಗಿನಿಂದ ರಕ್ತ ಸುರಿದು ಅಂಗಿಯ ಎದೆಯೆಲ್ಲ ತೊಯ್ದಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಆ ನಗೆಯೇ ಎಲ್ಲವನ್ನೂ ಕೆಡಿಸಿತು. ನಾನು ಹುಡುಗನ ತಲೆ ಬಗ್ಗಿಸಿ ನೀರು ಹಾಕುತ್ತಿದ್ದಾಗ ಮೇಷ್ಟ್ರು ಹೇಳಿದ್ದು: 'ಹಾಂ. ಇದು ಸಪ್ಪಳ.'

ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಊರು ಮುಟ್ಟಿತು. ಮುಟ್ಟುವಾಗ ಅದರಿಂದ ಲೆಕ್ಕ ಉದುರಿಹೋಗಿತ್ತು, ಮೇಷ್ಟ್ರೂ ಉದುರಿಹೋಗಿದ್ದರು. ಕೇರಿಯ ಹುಡುಗಿ ದೊಡ್ಡಮನೆಯ ಹುಡುಗನ ಮೂಗು ಹಿಡಿದು ಎಲ್ಲರ ಮುಂದೆ ಹೊಡೆದಳಂತೆ ಎಂಬಷ್ಟೇ ಉಳಿದಿತ್ತು.

ಮರುದಿನ ಪ್ರಾರ್ಥನೆ ಮುಗಿಯುತ್ತಿದ್ದಂತೆ ಟೆಂಪೋದಲ್ಲಿ ಜನ ಬಂದರು. ಮುಂದೆ ವೀರೇಶನ ದೊಡ್ಡಪ್ಪ. ಅವನೂ ಈ ಶಾಲೆಯಲ್ಲಿ ಓದಿದವನು, ಮೇಷ್ಟ್ರ ಮೊದಮೊದಲ ಶಿಷ್ಯರಲ್ಲಿ ಒಬ್ಬ. ವೀರೇಶನ ರೆಟ್ಟೆ ಹಿಡಿದುಕೊಂಡೇ ಬಂದಿದ್ದ. ಹೆಡ್‌ಮಾಸ್ಟರು ಮಕ್ಕಳನ್ನು ಕ್ಲಾಸಿಗೆ ಅಟ್ಟಿ, ಬಂದವರನ್ನು ಹಾಲ್‌ನಲ್ಲಿ ಕೂಡಿಸಿದರು. ಕೂತವರು ಕಡಿಮೆ. ಸುಜಾತಳನ್ನು ಕರೆಸಿರೆಂದಾಗ ನಾನು ಅವಳ ಜೊತೆಗೇ ಹೋದೆ. ಅವಳ ಮಣಿಕಟ್ಟು ನನ್ನ ಕೈಯಲ್ಲಿತ್ತು.

ದೊಡ್ಡಪ್ಪ ಕೂಗಾಡಲಿಲ್ಲ. ಅದು ಇನ್ನೂ ಹೆದರಿಕೆಯ ವಿಷಯ. 'ನೋಡ್ರಿ, ನಾವೇನು ಬಡದಾಡಾಕ ಬಂದಿಲ್ಲ. ಹುಡುಗಿ ಮ್ಯಾಲೆ ನಮ್ಮವ್ರು ಯಾರೂ ಕೈ ಮಾಡಂಗಿಲ್ಲ, ಕೇಸ್ ಆಗೂದು ನಮಗೂ ಗೊತ್ತೈತಿ. ಸಾಲ್ಯಾಗ ಆಗಿದ್ದು ಸಾಲ್ಯಾಗ ಮುಗೀಲಿ. ಸಾಲಿ ಪದ್ಧತಿ ಐತೆಲ್ಲ? ನಮ್ಮ ಹುಡುಗ ಆಕಿ ಮೂಗ ಹಿಡದು, ಎಲ್ಲಾ ಹುಡುಗ್ರ ಮುಂದ, ಒಂದು ಕಪಾಳಕ್ಕ ಹೊಡೀಲಿ. ಸಮ ಆತು. ಇಲ್ಲಾಂದ್ರ ಆಕಿದು ಟಿ.ಸಿ. ಕೊಟ್ಟು ಕಳಸ್ರಿ.'

ಟಿ.ಸಿ. ಕೊಡುವುದೆಂದರೆ ಪರೀಕ್ಷೆಯ ಬಾಗಿಲಲ್ಲಿ ಹುಡುಗಿಯನ್ನು ಹೊರಗೆ ಹಾಕುವುದು. ಹೆಡ್‌ಮಾಸ್ಟರು ಬೆವರು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಂದರು. 'ಮೇಡಂ, ಒಂದ್ ಏಟು. ಮೆಲ್ಲಕ ಹೊಡಿ ಅಂತ ಹುಡುಗಗ ಹೇಳೂಣು. ಆಕಿ ಭವಿಷ್ಯದ ಪ್ರಶ್ನೆ.'

'ಆಗೂದಿಲ್ರಿ' ಎಂದೆ. 'ಆಕಿ ತಾಯಿನ್ನ ಕರಸ್ರಿ, ಪೊಲೀಸರನ್ನ ಕರಸ್ರಿ. ಈ ಹುಡುಗಿ ಕೆನ್ನಿ ಮುಟ್ಟೂದು ಆಗೂದಿಲ್ಲ.' ಯಾರೋ ಹಿಂದಿನಿಂದ ನನ್ನ ಹೆಗಲಿಗೆ ಕೈಹಾಕಿ ತಳ್ಳಿದರು. ನಾನು ಸುಜಾತಳನ್ನು ಬಿಡಲಿಲ್ಲ.

ಆಗ ಗಣಿತದ ಮೇಷ್ಟ್ರು ಎದ್ದರು. ಅವರು ಏನು ಮಾಡಬಹುದಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೊಡೆಸಿದವನು ನಾನು, ತಪ್ಪು ನನ್ನದು ಎಂದಿದ್ದರೆ ಸಾಕಿತ್ತು. ಹಾಗೆ ಅನ್ನಲು ಅವರಿಗೆ ತಾವು ತಪ್ಪು ಮಾಡಿದ್ದೇವೆ ಅನ್ನಿಸಿರಬೇಕಲ್ಲ! ಅವರಿಗೆ ಕಂಡದ್ದು ಒಂದೇ, ದೊಡ್ಡಪ್ಪ ಪದ್ಧತಿಯನ್ನು ತಪ್ಪಾಗಿ ಹೇಳುತ್ತಿದ್ದಾನೆ.

'ಪದ್ಧತಿ ಅದಲ್ಲ' ಎಂದರು, ಕ್ಲಾಸಿನಲ್ಲಿ ತಿದ್ದುವ ದನಿಯಲ್ಲೇ. 'ಲೆಕ್ಕ ಬರದಾವ ಲೆಕ್ಕ ಬಂದಾಕಿಗೆ ಹೊಡಿಯಂಗಿಲ್ಲ. ಹೊಡಿಬೇಕು ಅಂದ್ರ ಗೆಲ್ಲಬೇಕು. ತಡಿ, ಲೆಕ್ಕ ಕೊಡ್ತೀನಿ.'

ಹಾಲ್‌ನ ಗೋಡೆಯಲ್ಲೇ ದೊರೆಗಳ ಕಾಲದ ದೊಡ್ಡ ಕರಿಹಲಗೆ ಇದೆ. ಅದರ ಮುಂದೆ ಹೋಗಿ, ನೋಯುವ ಭುಜವನ್ನು ಎತ್ತಿ, ಒಂದು ಸಮೀಕರಣ ಬರೆದರು. ಸುಣ್ಣದ ಕಡ್ಡಿಯನ್ನು ವೀರೇಶನಿಗೆ ಕೊಟ್ಟರು. 'ಬಿಡಸು. ನಿನಗ ಬಂದು ಆಕಿಗೆ ಬರ್ಲಿಲ್ಲ ಅಂದ್ರ, ನಾನ ಆಕಿಗೆ ನಿಲ್ಲು ಅಂತೀನಿ.' ಆ ಜನರ ಮುಂದೆ, ಆ ಗಳಿಗೆಯಲ್ಲಿ, ಮನುಷ್ಯ ಪಾಠ ಮಾಡಲು ನಿಂತಿದ್ದರು. ನನಗೆ ಅವರ ತಲೆಯನ್ನು ಅದೇ ಹಲಗೆಗೆ ಬಡಿಯಬೇಕು ಅನ್ನಿಸಿತು.

ವೀರೇಶ ಕಡ್ಡಿ ಹಿಡಿದು ನಿಂತ. ಹಿಂದಿನ ದಿನದ ಏಟಿಗೆ ಅವನ ಮೂಗು ಇನ್ನೂ ಊದಿಕೊಂಡಿತ್ತು. ಮೊದಲ ಸಾಲು ಬರೆದ, ಸರಿಯಾಗಿಯೇ ಬರೆದ. ಆಮೇಲೆ ಕೈ ನಿಂತಿತು. 'ಬರಿಲೇ!' ಎಂದ ದೊಡ್ಡಪ್ಪ. ಹುಡುಗ ಬರೆಯಲಿಲ್ಲ. 'ಬರಿಯೋ ಅಂದೆ!' ಕಡ್ಡಿ ಕೆಳಗೆ ಬಿತ್ತು.

'ಕುಂದ್ರಪಾ' ಎಂದರು ಮೇಷ್ಟ್ರು ಅವನಿಗೆ. ದೊಡ್ಡಪ್ಪನ ಕಡೆ ತಿರುಗಿ, 'ನಿನಗರ ಬರ್ತೈತೇನು ನೋಡು. ನಿನಗೂ ಇದ ಕಲಿಸಿದ್ದೆ' ಎಂದರು. ಚುಚ್ಚಲು ಹೇಳಿದ್ದಲ್ಲ ಅದು, ನಿಜವಾಗಿ ಕೇಳಿದ್ದು.

ಮೊದಲ ಏಟು ಬಾಯಿಗೆ ಬಿತ್ತು. ಹಲಗೆಯ ಕೆಳಗಿದ್ದ ಉದ್ದನೆಯ ಮರದ ಸ್ಕೇಲನ್ನು ಕಿತ್ತುಕೊಂಡು ದೊಡ್ಡಪ್ಪ ಅವರ ತಲೆಗೆ, ಕಿವಿಗೆ, ಬೆನ್ನಿಗೆ ಬಾರಿಸತೊಡಗಿದ. ಸ್ಕೇಲು ಮುರಿದ ಮೇಲೆ ತುಂಡಿನಿಂದ ತಿವಿದ. 'ಇದ ಹಾಲ್‌ನ್ಯಾಗ ನನ್ನ ಅಂಗಿ ಬಿಚ್ಚಿಸಿ ಹೊಡದಿದ್ದಿ. ಹುಡುಗೇರು ನೋಡಿ ನಗತಿದ್ರು. ನೆನಪೈತಿ? ನೆನಪೈತೇನಲೇ?' ಎಂದು ಪ್ರತಿ ಏಟಿಗೂ ಕೇಳುತ್ತಿದ್ದ. ಅಷ್ಟು ಹೊತ್ತಿಗೆ ಅವನಿಗೆ ತಮ್ಮನ ಮಗನೂ ನೆನಪಿರಲಿಲ್ಲ, ಸುಜಾತಳೂ ನೆನಪಿರಲಿಲ್ಲ. ಉಳಿದವರೂ ಸೇರಿಕೊಂಡರು. 'ನಮ್ಮ ಜಾತಿಯಾವ ಆಗಿ ಕೇರಿಯವರ ಪರ ನಿಂದ್ರತಿಯೇನು' ಎಂದು ಒಬ್ಬ ಹೊಟ್ಟೆಗೆ ಒದ್ದ. ಮೇಷ್ಟ್ರು ಹಲಗೆಗೆ ಒರಗಿ, ಜಾರಿ, ವೇದಿಕೆಯ ಕಲ್ಲಂಚಿನ ಮೇಲೆ ಬಿದ್ದರು. ಬಿದ್ದಾಗ ಚಾಚಿದ ಬಲಗೈಯ ಮೇಲೆ ದೊಡ್ಡಪ್ಪ ಪೂರ್ತಿ ಭಾರ ಹಾಕಿ ತುಳಿದ. ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು. ನಾನು ಕಿರುಚಿದೆ. ಅವರು ಕಿರುಚಲಿಲ್ಲ.

ಅವರ ಮೇಲೆ ಬಿದ್ದು ಉಳಿದ ಏಟುಗಳನ್ನು ತಡೆದವನು ವೀರೇಶ. 'ಸಾಕೋ ದೊಡ್ಡಪ್ಪಾ, ನನಗ ಬರ್ಲಿಲ್ಲ, ನನಗ ಲೆಕ್ಕ ಬರ್ಲಿಲ್ಲಪ್ಪಾ' ಎಂದು ಅಳುತ್ತಿದ್ದ. ಅವನ ಬೆನ್ನಿಗೂ ಎರಡು ಬಿದ್ದವು. ಬಿಸಿಯೂಟದ ಅಡಿಗೆಯವರು, ಪಿ.ಟಿ. ಮೇಷ್ಟ್ರು ಓಡಿ ಬಂದ ಮೇಲೆ ಆ ಜನ ಟೆಂಪೋ ಹತ್ತಿದರು. ಹತ್ತುವಾಗ ದೊಡ್ಡಪ್ಪ, 'ಆ ಹುಡುಗಿ ಇನ್ನ ಈ ಸಾಲಿ ಮೆಟ್ಲ ಹತ್ತಲಿ, ನೋಡ್ತೀನಿ' ಎಂದ.

ಆಸ್ಪತ್ರೆಯಲ್ಲಿ ಅವತ್ತು ಡ್ಯೂಟಿಯ ಮೇಲಿದ್ದದ್ದು ಸುಜಾತಳ ತಾಯಿಯೇ. ಆಕೆಗೆ ಎಲ್ಲ ಗೊತ್ತಾಗಿತ್ತು. ಮೇಷ್ಟ್ರ ತುಟಿ, ಕಿವಿ ಒರೆಸಿ, ಹೊಲಿಗೆ ಹಾಕುವ ಡಾಕ್ಟರಿಗೆ ನೆರವಾಗಿ, ಮುರಿದ ಕೈಗೆ ಹಲಗೆ ಕಟ್ಟಿದರು. ಕೈ ಮೆತ್ತಗಿತ್ತು, ಮುಖ ಮಾತ್ರ ಕಲ್ಲು. ಮೇಷ್ಟ್ರು ಊದಿದ ತುಟಿಯಲ್ಲೇ, 'ನಿಮ್ಮ ಮಗಳದು ಏನೂ ತಪ್ಪಿಲ್ಲಮ್ಮ' ಎಂದರು.

'ಅದು ನನಗ ಗೊತ್ತೈತ್ರಿ' ಎಂದರು ಆಕೆ. ಗಂಟು ಬಿಗಿದು ಮುಗಿಸಿ ಕೇಳಿದರು: 'ಹೊಡಿಯಾಕ ನಿಮಗ ಎರಡು ಕೈ ಇದ್ವಲ್ರಿ ಸರ್. ನನ್ನ ಮಗಳ ಕೈ ಯಾಕ ಬೇಕಾಗಿತ್ತು?'

ನಾನು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದೆ. ಮೇಷ್ಟ್ರು ಹಲಗೆ ಕಟ್ಟಿದ ತಮ್ಮ ಕೈಯನ್ನು ನೋಡಿಕೊಂಡರು. ಕರಿಹಲಗೆಯ ಮುಂದೆ ವೀರೇಶ ನಿಂತದ್ದು ಹೀಗೆಯೇ.

ಪೊಲೀಸರು ಬಂದರು, ಕೇಸಾಯಿತು, ದೊಡ್ಡಪ್ಪ ಜಾಮೀನಿನ ಮೇಲೆ ಹೊರಗೆ ಬಂದ. ಇಲಾಖೆಯಿಂದ ಮೇಷ್ಟ್ರಿಗೂ ನೋಟಿಸ್ ಬಂತು. ಬರಬೇಕಾದದ್ದೇ. ಹೆಡ್‌ಮಾಸ್ಟರು ಹೊಡೆತ ಬಿದ್ದ ದಿನ ಸಾಯಂಕಾಲವೇ ಸುಜಾತಳ ಮನೆಗೆ ಹೋಗಿ, ಪರೀಕ್ಷೆಯ ತನಕ ಹುಡುಗಿ ಮನೆಯಲ್ಲೇ ಓದಿಕೊಳ್ಳಲಿ ಎಂದು ಬುದ್ಧಿ ಹೇಳಿದರು. 'ಬರ್ತಾಳ್ರಿ' ಎಂದು ಆ ತಾಯಿ ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸಿದರು.

ಮರುದಿನ ನಾನು ಅವಳನ್ನು ಕರೆತರೋಣವೆಂದು ಹೋದಾಗ, ಮೇಷ್ಟ್ರು ನನಗಿಂತ ಮೊದಲೇ ಅವರ ಮನೆಯ ಮುಂದೆ ನಿಂತಿದ್ದರು. ಆಸ್ಪತ್ರೆಯಿಂದ ಹೇಳದೆ ಎದ್ದು ಬಂದಿದ್ದರು. ತಲೆಗೆ ಪಟ್ಟಿ, ಕೈ ಕೊರಳಿಗೆ ಜೋತುಬಿದ್ದಿತ್ತು. ಆ ಕೇರಿಗೆ ಅಷ್ಟು ವರ್ಷದಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು. ತಾಯಿ ಒಳಗೆ ಕರೆಯಲಿಲ್ಲ, ಅವರು ಕೇಳಲೂ ಇಲ್ಲ. ಸುಜಾತಾ ಹೊರಬಂದು ನಡೆದಳು, ಅವರು ನಾಲ್ಕು ಮಾರು ಹಿಂದೆ ನಡೆದರು, ನಾನು ಜೊತೆಗೆ. ಪರೀಕ್ಷೆ ಮುಗಿಯುವ ತನಕ ದಿನಾ ಹೀಗೆಯೇ. ಬಜಾರಿನಲ್ಲಿ ದೊಡ್ಡಪ್ಪನ ಕಡೆಯ ಹುಡುಗರು ಬೈಕಿನಲ್ಲಿ ಸುತ್ತುಹಾಕುತ್ತಾ ಮೂಗು ಹಿಡಿದು ತೋರಿಸುವರು. ಒಮ್ಮೆ ಬಂದ ಕಲ್ಲು ಸುಜಾತಳಿಗೆ ಬೀಳುವುದನ್ನು ಇವರು ಅಡ್ಡ ಹೋಗಿ ಬೆನ್ನಿಗೆ ತಿಂದರು. ಕಾಳಿನ ಅಂಗಡಿಯಲ್ಲಿ ಕೂತ ಮೇಷ್ಟ್ರ ಅಣ್ಣಂದಿರು ಇವರನ್ನು ಕಂಡರೆ ಒಳಗೆ ಹೋಗುತ್ತಿದ್ದರು. ಈ ನಡಿಗೆಯಲ್ಲಿ ಹುಡುಗಿ ಒಂದು ದಿನವೂ ಅವರ ಜೊತೆ ಮಾತಾಡಲಿಲ್ಲ.

ಕ್ಲಾಸಿನಲ್ಲೂ ಅವರು ಬದಲಾದರು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಮೂಗು ಹಿಡಿಸುವುದು ನಿಂತಿತು, ಅದು ನಿಜ. ಆದರೆ ಉತ್ತರ ಬರದ ಹುಡುಗನನ್ನು ಕಂಡರೆ ಅವರ ಎಡಗೈ ಏಳುತ್ತಿತ್ತು, ಎದ್ದು ಕಿಟಕಿಯ ಸರಳು ಹಿಡಿಯುತ್ತಿತ್ತು. ಲೆಕ್ಕವನ್ನು ಮೊದಲಿನಿಂದ ಮತ್ತೆ ಹೇಳುತ್ತಿದ್ದರು. ವೀರೇಶನಿಗೆ ಸಾಯಂಕಾಲ ಬೇರೆಯಾಗಿ ಹೇಳಿಕೊಟ್ಟರು. ಅವನು ಮನೆಯಲ್ಲಿ ಸುಳ್ಳು ಹೇಳಿ ಬರುತ್ತಿದ್ದ.

ಪರೀಕ್ಷೆಯ ಕೊನೆಯ ದಿನ ನಾನು ಡ್ಯೂಟಿ ಮುಗಿಸಿ ಹೊರಬಂದಾಗ ಮೇಷ್ಟ್ರು ಗೇಟಿನ ಹತ್ತಿರ ಕಾಯುತ್ತಿದ್ದರು. ಸುಜಾತಾ ಬಂದಳು. ಎಲ್ಲ ಪೇಪರ್ ಚೆನ್ನಾಗಿ ಆಗಿವೆಯೆಂದು ನನಗೆ ಹೇಳಿದಳು. ಆಮೇಲೆ ನೇರವಾಗಿ ಅವರ ಮುಂದೆ ಹೋಗಿ ನಿಂತಳು.

'ಸರ್, ಒಂದು ಮಾತು ಹೇಳ್ಬೇಕಿತ್ರಿ. ಆವತ್ತು ಕಡೀಕ ಹೊಡದ್ನೆಲ್ಲ, ಅದು ವೀರೇಶಗ ಅಲ್ರಿ.'

'ಮತ್ತ ಯಾರಿಗೆ?' ಎಂದರು ಮೇಷ್ಟ್ರು.

'ನಿಮಗರಿ. ನಿಮಗ ಹೊಡಿಯಾಕ ಆಗ್ಲಿಲ್ಲ, ಅವ ಎದುರಿಗಿದ್ದ.'

ಸಣ್ಣ ದನಿ, ನಡುಗುತ್ತಿರಲಿಲ್ಲ. ಸುತ್ತಲೂ ಮಕ್ಕಳು ಬಣ್ಣ ಎರಚಿಕೊಂಡು ಕೂಗುತ್ತಿದ್ದರು. ಮೇಷ್ಟ್ರು ಎಡಗೈಯನ್ನು ಕೆನ್ನೆಯ ತನಕ ಒಯ್ದು, ಅಲ್ಲೇ ಇಟ್ಟುಕೊಂಡರು.

'ತಾಗೇತವ್ವ' ಎಂದರು. 'ತಾಗೇತಿ.'

ಅವಳು ತಲೆಯಾಡಿಸಿದಳು. 'ಇವತ್ತು ನಾನ ಹೋಗ್ತೀನ್ರಿ, ಬರಬ್ಯಾಡ್ರಿ' ಎಂದು ಹೇಳಿ, ಪ್ಯಾಡನ್ನು ಎದೆಗೆ ಒತ್ತಿಕೊಂಡು, ಬಜಾರಿನ ನಡುವೆಯೇ ಒಬ್ಬಳೇ ನಡೆದಳು. ಮೇಷ್ಟ್ರು ಗೇಟಿನಿಂದ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.